ತೊಡೆ ಮೇಲಿನ ಗಿಟಾರಿಗೆ ಯಾವ ಶ್ರುತಿ?

ಕೇಳುಗರಿಗೆ ನಮಸ್ಕಾರ. ಲ್ಯಾಪ್ ಸ್ಟೀಲ್ ಗಿಟಾರನ್ನು ತೊಡೆ ಮೇಲೆ ಅಂಗಾತ ಮಲಗಿಸಿಕೊಂಡು ನುಡಿಸುತ್ತಾರೆ. ಎಡಗೈಯಲ್ಲಿರುವ ಉಕ್ಕಿನ ತುಂಡು ತಂತಿಗಳ ಮೇಲೆ ಜಾರುತ್ತಾ ಇರುತ್ತದೆ. 19ನೇ ಶತಮಾನದ ಕೊನೆಯಲ್ಲಿ ಹವಾಯಿಯ ಜೋಸೆಫ್ ಕೆಕುಕು ಎಂಬ ಹುಡುಗ ಶುರು ಮಾಡಿದ ವರಸೆ ಇದು ಎನ್ನುತ್ತಾರೆ. ನಮ್ಮಲ್ಲಿ ಹಳಬರು ಈಗಲೂ ಇದನ್ನು ಹವಾಯಿಯನ್ ಗಿಟಾರ್ ಅಂತಲೇ ಕರೆಯುವುದು.

ಫಜೀತಿಯೆಲ್ಲ ಆ ಉಕ್ಕಿನ ತುಂಡಿನದು. ಅದು ನೆಟ್ಟಗಿದೆ, ಬಗ್ಗುವುದಿಲ್ಲ. ಸಾಮಾನ್ಯ ಗಿಟಾರಿನಲ್ಲಿ ಒಂದೊಂದು ಬೆರಳು ಒಂದೊಂದು ಮನೆಯಲ್ಲಿ ಕೂರುತ್ತದೆ. ಮನೆ ಅಂದರೆ ಫ್ರೆಟ್, ಒಂದು ಮನೆ ದಾಟಿದರೆ ಅರ್ಧ ಸ್ವರ ಏರುತ್ತದೆ. ಇಲ್ಲಿ ಆರೂ ತಂತಿಗೆ ಒಂದೇ ಗೆರೆ. ಖಾಲಿ ತಂತಿಗಳಲ್ಲಿ ಏನು ಕೂಡಿಸಿರುತ್ತೀರೋ ಅದೇ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ದಪ್ಪ ತಂತಿಯಿಂದ ತೆಳು ತಂತಿಗೆ ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವ ಮಾಮೂಲಿ ಇ, ಎ, ಡಿ, ಜಿ, ಬಿ, ಇ ಶ್ರುತಿಯಲ್ಲಿ ಆರನ್ನೂ ಒಟ್ಟಿಗೆ ಮೀಟಿದರೆ ಕಲಸುಮೇಲೋಗರ.

ನನಗೆ ಯಾರೋ ಸಿ-ಸಿಕ್ಸ್ ಎಂಬ ಶ್ರುತಿ ಚೆನ್ನಾಗಿರುತ್ತದೆ ಎಂದರು. ದಪ್ಪ ತಂತಿಯಿಂದ ಸಿ, ಇ, ಜಿ, ಎ, ಸಿ, ಇ. ನನ್ನ ಹಳೇ ವಾದ್ಯದ ಮೇಲಿದ್ದದ್ದು ಮಾಮೂಲಿ ಗಿಟಾರಿನ ತಂತಿ. ಅದನ್ನೇ ಸುಮ್ನೆ ತಿರುಗಿಸುತ್ತಾ ಹೋದೆ. ತಂತಿಗಳನ್ನು ತೆಳುವಿನಿಂದ ಎಣಿಸುವುದು ರೂಢಿ; ಹಾಗೆ ನಾಲ್ಕನೇ ತಂತಿ ಡಿಯಿಂದ ಜಿಗೆ ಏರಬೇಕು, ಐದು ಮನೆ ಮೇಲೆ. ಬಿರಡೆ ಬಿಗಿಯಾಯಿತು, ತಂತಿ ಕಿರ್ ಎಂದಿತು, ಆಮೇಲೆ ಟಪ್! ಮುಂಗೈ ಮೇಲೆ ಕೆಂಪು ಬರೆ ಎರಡು ದಿನ ಇತ್ತು. ಆರನೇ ತಂತಿಯಂತೂ ಎಂಟು ಮನೆ ಏರಬೇಕಿತ್ತು. ಅಲ್ಲಿಯ ತನಕ ಹೋಗಲಿಲ್ಲ, ಪುಣ್ಯ. ಸಿ-ಸಿಕ್ಸ್ ಬೇಕಾದರೆ ಅದಕ್ಕೇ ಅಂತ ಸಿಗುವ ತಂತಿ ಸೆಟ್ಟನ್ನೇ ಹಾಕಬೇಕು.

ಮಾಮೂಲಿ ತಂತಿಯೇ ಇದ್ದರೆ ಓಪನ್ ಡಿ ಶ್ರುತಿ ಒಳ್ಳೆಯದು, ಖಾಲಿ ತಂತಿಗಳೇ ಡಿ ಮೇಜರ್ ಸ್ವರಮೇಳ ಕೊಡುತ್ತವೆ. ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಾಲ್ಕು ತಂತಿ ಇಳಿಯುತ್ತವೆ, ಎರಡು ಇದ್ದಲ್ಲೇ ಇರುತ್ತವೆ. ಹರಿಯುವ ಭಯವಿಲ್ಲ. ನಮ್ಮ ಲೆಕ್ಕದಲ್ಲಿ ಇದು ಸ ಪ ಸ ಗ ಪ ಸ. ತಂಬೂರಿ ಕೇಳಿ ಬೆಳೆದ ಕಿವಿಗೆ ಕೂಡಲೇ ಹಿಡಿಸುತ್ತದೆ. ತಕರಾರು ಆ ಗಾಂಧಾರದ್ದು ಮಾತ್ರ. ಅದು ಅಂತರ ಗಾಂಧಾರ, ಎರಡರಲ್ಲಿ ಮೇಲಿನದು. ಕೆಳಗಿನ ಗಾಂಧಾರ ಬೇಕಾದ ಖರಹರಪ್ರಿಯ ನುಡಿಸುವಾಗ ಆ ತಂತಿಗೆ ಕೈ ತಗುಲಿತೋ, ರಾಗ ಕೆಟ್ಟಿತು. ಮೂರನೇ ತಂತಿಯನ್ನು ಒಂದು ಮನೆ ಇಳಿಸಿಬಿಡಿ, ಸಾಧಾರಣ ಗಾಂಧಾರ ಬರುತ್ತದೆ.

ಡೋಬ್ರೋ, ಅಂದರೆ ಹೊಟ್ಟೆಯಲ್ಲಿ ಲೋಹದ ತಟ್ಟೆ ಇರುವ ಗಿಟಾರ್, ನುಡಿಸುವವರ ಓಪನ್ ಜಿ ಕೂಡ ಇದೆ, ಸ ಗ ಪ ಸ ಗ ಪ. ಅದಕ್ಕೆ ದಪ್ಪ ತಂತಿ ಎರಡನ್ನು ಏರಿಸಬೇಕು. ನಾನು ಆ ಕಡೆ ಜಾಸ್ತಿ ಹೋಗಿಲ್ಲ, ಬರೆ ನೆನಪಿದೆ ನೋಡಿ.

ಆದರೂ ಸರಿಯಾದ ತಂತಿ ತಂದು ಸಿ-ಸಿಕ್ಸ್‌ಗೇ ವಾಪಸ್ ಬಂದೆ. ಅದನ್ನು ಸ್ವರದಲ್ಲಿ ಹೇಳಿಕೊಳ್ಳಿ: ಸ ಗ ಪ ಧ ಸ ಗ. ರಿಷಭ ಒಂದು ಸೇರಿದರೆ ಮೋಹನ ರಾಗ, ಅಲ್ವಾ? ದಪ್ಪ ತಂತಿ ಮೂರು ಮೀಟಿದರೆ ಸಿ ಮೇಜರ್, ತೆಳು ತಂತಿ ಮೂರು ಮೀಟಿದರೆ ಎ ಮೈನರ್. ಉಕ್ಕಿನ ತುಂಡು ಕದಲುವುದೇ ಬೇಡ, ನಗುವೂ ಅಲ್ಲೇ, ಅಳುವೂ ಅಲ್ಲೇ. ಅಮೆರಿಕದ ಜೆರ್ರಿ ಬರ್ಡ್ ಈ ಶ್ರುತಿಯಲ್ಲಿ ನುಡಿಸಿದ್ದನ್ನು ಒಮ್ಮೆ ಕೇಳಿ. ಆರೂ ತಂತಿ ಒಟ್ಟಿಗೆ ಮೀಟಿದಾಗ ಬರುವ ಆ ಸಿಹಿ ಕೆಲವರಿಗೆ ಅತಿ ಅನಿಸಬಹುದು. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ಇಷ್ಟಪಡುವವರು ಓಪನ್ ಡಿಯಲ್ಲೇ ಇರಲಿ.

ಬಿರಡೆ ಮುಟ್ಟುವ ಮೊದಲು ನಿಮಗೆ ಇಷ್ಟವಾದ ಒಂದು ಹಾಡು ಗುನುಗಿ, ಅದರ ಗಾಂಧಾರ ಯಾವುದು ನೋಡಿ. ತಂತಿ ಏರಿಸುವಾಗ ಮುಖ ಸ್ವಲ್ಪ ಹಿಂದಕ್ಕಿರಲಿ. ನಮಸ್ಕಾರ.