ಫ್ಲೂ ಸಾವಿನ ಲೆಕ್ಕ ಹಾಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಬಹಳ ವರ್ಷಗಳಿಂದ ಇರುವ ಕನ್ನಡಿಗರು ಇಲ್ಲಿ ಜಾಸ್ತಿ ಇದ್ದೀರಿ. ನಿಮಗೆ 2009ರ ಆಗಸ್ಟ್ ನೆನಪಿರಬೇಕು. ಎಚ್1ಎನ್1 ಫ್ಲೂನಿಂದ ದೇಶದಲ್ಲಿ ಆದ ಮೊದಲ ಸಾವು ಆ ತಿಂಗಳ 3ರಂದು ಇದೇ ಊರಲ್ಲಿ ಆಯಿತು. ಶಾಲೆಗಳು ಮುಚ್ಚಿದವು. ನಾಯ್ಡು ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಪೇಪರಿನಲ್ಲಿ ದಿನವೂ ಸತ್ತವರ ಲೆಕ್ಕ ಬರುತ್ತಿತ್ತು.

ಆ ವೈರಸ್ ಆಮೇಲೆ ಮಾಯವಾಗಲಿಲ್ಲ. ಪ್ರತಿ ವರ್ಷ ಬಂದುಹೋಗುವ ಫ್ಲೂ ವೈರಸ್‌ಗಳ ಸಾಲಿಗೆ ಅದೂ ಸೇರಿಕೊಂಡಿತು. ನಿಂತಿದ್ದು ಪೇಪರಿನ ಲೆಕ್ಕ ಮಾತ್ರ. ಹಾಗಾದರೆ ಈಗ ವರ್ಷಕ್ಕೆ ಎಷ್ಟು ಜನ ಫ್ಲೂನಿಂದ ಸಾಯುತ್ತಿದ್ದಾರೆ? ಪರೀಕ್ಷೆಯಲ್ಲಿ ಖಚಿತವಾದ ಸಾವುಗಳನ್ನಷ್ಟೇ ಕೂಡಿಸಿದರೆ ತೀರಾ ಸಣ್ಣ ಸಂಖ್ಯೆ ಸಿಗುತ್ತದೆ. ಆ ಸಣ್ಣ ಸಂಖ್ಯೆಯನ್ನು ನಂಬಿ ಸುಮ್ನೆ ಕೂರಬಾರದು. ಇದನ್ನು ಹೇಳಲಿಕ್ಕೇ ಇವತ್ತು ಬಂದಿದ್ದೇನೆ.

ಮನೆಯಲ್ಲಿ ಅಜ್ಜಿಗೆ ಜ್ವರ, ಕೆಮ್ಮು ಬರುತ್ತದೆ. ಕಷಾಯ, ಒಂದು ಮಾತ್ರೆ, ಅಷ್ಟೇ. ವಾರ ಕಳೆದ ಮೇಲೆ ಉಸಿರಾಟ ಕಷ್ಟವಾಗಿ ಆಸ್ಪತ್ರೆಗೆ ಸೇರಿಸುತ್ತಾರೆ. ಅಷ್ಟರಲ್ಲಿ ಗಂಟಲಿನಲ್ಲಿ ವೈರಸ್ ಸಿಗದೇ ಹೋಗಬಹುದು. ದಾಖಲೆಯಲ್ಲಿ ನ್ಯುಮೋನಿಯಾ ಎಂದಷ್ಟೇ ಉಳಿಯುತ್ತದೆ. ಇನ್ನು ಕೆಲವರಿಗೆ ಹೃದಯಾಘಾತ ಆಗುತ್ತದೆ. ಕೆನಡಾದಲ್ಲಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಫ್ಲೂ ಖಚಿತವಾದ ಮೊದಲ 7 ದಿನಗಳಲ್ಲಿ ಹೃದಯಾಘಾತ ಬೇರೆ ಸಮಯಕ್ಕಿಂತ ಸುಮಾರು 6 ಪಟ್ಟು ಜಾಸ್ತಿ ಎಂದು ಅದರಲ್ಲಿ ಕಂಡುಬಂತು. ಅಂಥವರ ಮರಣ ಪತ್ರದಲ್ಲಿ ಫ್ಲೂ ಹೆಸರು ಯಾಕೆ ಬಂದೀತು, ಅಲ್ವಾ?

ಈ ತೊಡಕಿಗೆ ದಾರಿ ತೋರಿಸಿದವರು ಲಂಡನ್ನಿನ ಅಂಕಿಅಂಶ ತಜ್ಞ ವಿಲಿಯಂ ಫಾರ್. 1847ರಲ್ಲಿ ಅಲ್ಲಿ ಫ್ಲೂ ಹಬ್ಬಿತ್ತು. ಅವರು ಫ್ಲೂ ಎಂದು ಬರೆದ ಸಾವುಗಳನ್ನಷ್ಟೇ ನೋಡಲಿಲ್ಲ. ಆ ವಾರಗಳಲ್ಲಿ ಸಾಮಾನ್ಯವಾಗಿ ಎಷ್ಟು ಜನ ಸಾಯುತ್ತಾರೆ, ಈಗ ಎಷ್ಟು ಜನ ಸತ್ತರು ಎಂದು ಕೇಳಿದರು. ಸಾಮಾನ್ಯಕ್ಕಿಂತ ಹೆಚ್ಚಾಗಿ ಆದ ಸಾವುಗಳಲ್ಲಿ ಫ್ಲೂನ ಕೈವಾಡ ಕಂಡಿತು. 1963ರಲ್ಲಿ ಅಮೆರಿಕದ ಅಂಕಿಅಂಶ ತಜ್ಞ ಸರ್ಫ್ಲಿಂಗ್ ಇದಕ್ಕೊಂದು ಗಣಿತದ ರೂಪ ಕೊಟ್ಟರು. ಇವತ್ತಿನ ಹೆಚ್ಚಿನ ಅಂದಾಜುಗಳು ಇದೇ ಬೇರಿನಿಂದ ಬಂದವು.

ನಮ್ಮ ದೇಶದಲ್ಲಿ ಆ 'ಸಾಮಾನ್ಯ' ಸಂಖ್ಯೆ ಸಿಗುವುದೇ ಕಷ್ಟ. ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟಿರುವುದು ಐದರಲ್ಲಿ ಒಂದರಷ್ಟು. ಆದರೂ ಸಂಶೋಧಕರು ಕೈಚೆಲ್ಲಲಿಲ್ಲ. 2010ರಿಂದ 2013ರವರೆಗಿನ ಸಾವಿನ ಮಾಹಿತಿಯನ್ನು ಲ್ಯಾಬುಗಳ ಫ್ಲೂ ಪರೀಕ್ಷೆಗಳ ಜೊತೆ ಇಟ್ಟು ನೋಡಿದರು. ವರ್ಷಕ್ಕೆ ಸುಮಾರು 1 ಲಕ್ಷ 27 ಸಾವಿರ ಸಾವು ಎಂಬ ಅಂದಾಜು ಬಂತು. ಉಸಿರಾಟದ ಮತ್ತು ಹೃದಯ-ರಕ್ತನಾಳದ ಸಾವುಗಳು ಎರಡೂ ಇದರಲ್ಲಿ ಸೇರಿವೆ. ಇದರ ವ್ಯಾಪ್ತಿ, ಅಂದರೆ ನಿಜವಾದ ಸಂಖ್ಯೆ ಇರಬಹುದಾದ ಮಿತಿ, ಸುಮಾರು 64 ಸಾವಿರದಿಂದ 1 ಲಕ್ಷ 90 ಸಾವಿರ. ಇಷ್ಟು ಅಗಲ ನೋಡಿ ಕೆಲವರು 'ಇದೆಂಥ ಲೆಕ್ಕ' ಅನ್ನುತ್ತಾರೆ. ನನಗೆ ಆ ಅಗಲವೇ ಪ್ರಾಮಾಣಿಕ ಅನ್ನಿಸುತ್ತದೆ. ಅದರ ಕೆಳಗಿನ ತುದಿ ಕೂಡ ಸಣ್ಣದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿಗೆ ಹೇಳುವುದೂ ಒಂದು ವ್ಯಾಪ್ತಿಯನ್ನೇ. ಉಸಿರಾಟದ ಸಾವುಗಳು ಮಾತ್ರ, ವರ್ಷಕ್ಕೆ 2.9 ಲಕ್ಷದಿಂದ 6.5 ಲಕ್ಷ.

ಸಾಯದೆ ಆಸ್ಪತ್ರೆ ಸೇರಿದವರ ಲೆಕ್ಕ ಬೇರೆ. ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. 2 ಲಕ್ಷ ಜನರಿರುವ ತಾಲೂಕು. ಉಸಿರಾಟದ ಕಾಯಿಲೆಯಿಂದ ಒಂದು ಆಸ್ಪತ್ರೆಗೆ ವರ್ಷದಲ್ಲಿ 400 ಜನ ಸೇರಿದರು. ಪರೀಕ್ಷೆ ಮಾಡಿದ್ದು 100 ಜನರಿಗೆ, ಫ್ಲೂ ಸಿಕ್ಕಿದ್ದು 20 ಜನರಲ್ಲಿ. ಉಳಿದವರಲ್ಲೂ ಅದೇ ಪಾಲು ಎಂದುಕೊಂಡರೆ 80. ಮನೆಮನೆಗೆ ಹೋಗಿ ಕೇಳಿದಾಗ, ಆ ತಾಲೂಕಿನ ರೋಗಿಗಳಲ್ಲಿ ಅರ್ಧ ಜನ ಬೇರೆ ಆಸ್ಪತ್ರೆಗಳಿಗೆ ಹೋಗುತ್ತಾರೆಂದು ಗೊತ್ತಾಯಿತು. ಆಗ 160. ಅಂದರೆ ಲಕ್ಷಕ್ಕೆ 80 ಜನ. 20 ಎಲ್ಲಿ, 160 ಎಲ್ಲಿ!

ಮನೆಮನೆಯ ಆ ಕೆಲಸ ಬಲು ಮುಖ್ಯ. ಪುಣೆ ಹತ್ತಿರದ ವಡು ಭಾಗದ ಹಳ್ಳಿಗಳಲ್ಲಿ ಕೆಇಎಂ ಆಸ್ಪತ್ರೆಯ ಸಂಶೋಧನಾ ಕೇಂದ್ರ ಮನೆಗಳಿಗೆ ಮತ್ತೆ ಮತ್ತೆ ಹೋಗಿ ಹುಟ್ಟು, ಸಾವು, ವಲಸೆ ಬರೆದುಕೊಳ್ಳುತ್ತದೆ. ವಲಸೆ ಎಂದಾಗ ನನ್ನ ಮನಸ್ಸಿಗೆ ಬರುವುದು ವಿಜಯಪುರ, ಕಲಬುರಗಿ ಕಡೆಯಿಂದ ಇಲ್ಲಿಗೆ ಕಟ್ಟಡ ಕೆಲಸಕ್ಕೆ ಬಂದ ನಮ್ಮ ಜನ. ಅವರು ತಗಡಿನ ಶೆಡ್ಡಿನಲ್ಲಿ ಒತ್ತೊತ್ತಾಗಿ ಮಲಗುತ್ತಾರೆ. ಒಬ್ಬರಿಗೆ ಜ್ವರ ಬಂದರೆ ಪಕ್ಕದವರಿಗೂ ಬರುತ್ತದೆ. ಜೋರಾದರೆ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ. ಪುಣೆಯ ಲೆಕ್ಕದಲ್ಲಿ ಅವರಿಲ್ಲ. ಊರಲ್ಲಿ ತೀರಿಕೊಂಡರೆ 'ಜ್ವರ ಬಂದು ಹೋದ' ಅನ್ನುವಲ್ಲಿಗೆ ಮುಗಿಯಿತು. ಯಾವ ಸಂಖ್ಯೆಯಲ್ಲೂ ಸೇರದ ಇವರ ಬಗ್ಗೆಯೇ ನನಗೆ ಹೆಚ್ಚು ಸಂಕಟ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ಕೇಸ್ ಪೇಪರಿನಲ್ಲಿ ಈಗಿರುವ ವಿಳಾಸ, ಊರಿನ ವಿಳಾಸ ಎರಡನ್ನೂ ದಯವಿಟ್ಟು ಬರೆಸಿ. ಮರಣ ಪತ್ರದಲ್ಲಿ ಬರೀ 'ಹೃದಯ ನಿಂತಿತು' ಎಂದು ಬರೆಯಬೇಡಿ. ಅದಕ್ಕೆ ಮೊದಲು ಏನಾಗಿತ್ತು ಎಂದು ಬರೆಯಲಿಕ್ಕೆ ಆ ಫಾರಂನಲ್ಲೇ ಜಾಗ ಇದೆ.

ಲಸಿಕೆ ಯಾವಾಗ ಎಂಬುದನ್ನು ಹೇಳುವುದೂ ಇದೇ ಲೆಕ್ಕ. ಶ್ರೀನಗರದಲ್ಲಿ ಫ್ಲೂ ಏರುವುದು ಚಳಿಗಾಲದಲ್ಲಿ. ಪುಣೆಯಲ್ಲಿ ಮಳೆಗಾಲದಲ್ಲಿ, ಜುಲೈನಿಂದ ಸೆಪ್ಟೆಂಬರ್ ಸುಮಾರಿಗೆ. ಮನೆಯಲ್ಲಿ ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆ ಅಥವಾ ಉಬ್ಬಸ ಇರುವವರು ಇದ್ದರೆ, ಮೇ ಮುಗಿಯುವುದರೊಳಗೆ ಡಾಕ್ಟರ ಹತ್ತಿರ ಲಸಿಕೆಯ ಬಗ್ಗೆ ಕೇಳಿ.