ಜನರೇಟರ್ ಮನೆಯ ಹೊರಗಿರಲಿ

ಕೇಳುಗರಿಗೆ ನಮಸ್ಕಾರ.

ಇದು ಅಡಿಕೆ ಸುಲಿಯುವ ಕಾಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈಗ ಸಂಜೆ ಹೊತ್ತು ಯಾರ ಮನೆಗೆ ಹೋದರೂ ಹಸಿ ಅಡಿಕೆಯ ರಾಶಿ, ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಕೂತ ಜನ, ಆಚೆ ಅಡಿಕೆ ಬೇಯಿಸುವ ದೊಡ್ಡ ಒಲೆ. ಕೊಯ್ದ ಅಡಿಕೆಯನ್ನು ಹಾಗೇ ಇಟ್ಟುಕೊಂಡು ಕೂರಲು ಬರುವುದಿಲ್ಲ. ಬೇಗ ಸುಲಿದು ಬೇಯಿಸಿದರೆ ಮಾತ್ರ ಕೆಂಪಡಿಕೆ ಚೆನ್ನಾಗಿ ಆಗುತ್ತದೆ. ಸರಿಯಾಗಿ ಆ ಹೊತ್ತಿಗೇ ಕರೆಂಟ್ ಹೋದರೆ ಏನು ಮಾಡುವುದು?

ನಿಮ್ಮ ಜಿಲ್ಲೆಯಲ್ಲಿ ಕರೆಂಟಿಗೇನು ಬರ ಅಂತ ಹೊರಗಿನವರು ಕೇಳುತ್ತಾರೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಗೇರುಸೊಪ್ಪದಲ್ಲಿ ಶರಾವತಿಯಿಂದ ಕರೆಂಟ್ ಬರುತ್ತದೆ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಎಲ್ಲ ನಿಜ. ಆದರೆ ಅಲ್ಲಿ ಹುಟ್ಟಿದ ಕರೆಂಟ್ ನೇರ ನಮ್ಮ ಮನೆಗೆ ಬರುವುದಿಲ್ಲ. ದೊಡ್ಡ ಲೈನಿನಲ್ಲಿ ಹೋಗಿ, ಸಬ್‌ಸ್ಟೇಷನ್‌ಗೆ ಇಳಿದು, ಅಲ್ಲಿಂದ 11 ಕೆವಿ, ಅಂದರೆ 11,000 ವೋಲ್ಟಿನ ತಂತಿಯಲ್ಲಿ ಕಾಡು, ಗುಡ್ಡ, ಹಳ್ಳ ದಾಟಿ ಬರಬೇಕು. ದಾರಿಯಲ್ಲಿ ಒಂದು ಒಣ ಟೊಂಗೆ ತಂತಿಯ ಮೇಲೆ ಬಿದ್ದರೆ ಸಾಕು, ಊರಿಗೆ ಊರೇ ಕತ್ತಲು. ಹಾಗಾಗಿ ನಮ್ಮ ಕಡೆ ಜನರೇಟರ್ ಇಟ್ಟುಕೊಂಡ ಮನೆಗಳು ಬಹಳ. ನಮ್ಮಲ್ಲೂ ಇದೆ. ಅದನ್ನು ತಂದ ಮೊದಲ ಚಳಿಗಾಲ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಬೇಕು ಅಂತಲೇ ಇವತ್ತು ಇಲ್ಲಿ ಕೂತಿದ್ದೇನೆ.

ಆ ದಿನ ಸಂಜೆ ಏಳಕ್ಕೆ ಕರೆಂಟ್ ಹೋಯಿತು. ಹೊರ ಜಗಲಿಯಲ್ಲಿ ಎಂಟು ಜನ ಸುಲಿಯುತ್ತಿದ್ದೆವು. ಚಳಿಗಾಳಿ ಬರಬಾರದು ಅಂತ ಸುತ್ತಲೂ ತಾಡಪಾಲು ಕಟ್ಟಿತ್ತು. ಹೊಸ ಜನರೇಟರ್, ಇಬ್ಬನಿಯಲ್ಲಿ ನೆನೆಯಬಾರದು ಅಲ್ವಾ? ನಮ್ಮನೆಯವರು ಅದನ್ನು ತಾಡಪಾಲಿನ ಒಳಗೇ, ಮೂಲೆಯಲ್ಲಿ ಇಟ್ಟು ಚಾಲೂ ಮಾಡಿದರು. ಲೈಟ್ ಬಂತು. ಮತ್ತೆ ಕೆಲಸ ಶುರುವಾಯಿತು.

ಎಂಟೂವರೆ ಹೊತ್ತಿಗೆ ಅತ್ತೆ ಹಣೆ ಒತ್ತಿಕೊಳ್ಳುತ್ತಿದ್ದರು. "ಪಿತ್ತ ಆಗಿದೆ ಕಾಣ್ತದೆ ತಂಗಿ, ಸ್ವಲ್ಪ ಮುರುಗಲ ನೀರು ಕೊಡು" ಅಂದರು. ತಂದು ಕೊಟ್ಟೆ. ಪಕ್ಕದಲ್ಲಿ ಕೂತವರಿಗೂ ತಲೆ ಭಾರ. ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಅಂದುಕೊಂಡೆವು. ಪೆಟ್ರೋಲ್ ಹೊಗೆಯ ವಾಸನೆ? ಶುರುವಿಗೆ ಇತ್ತು. ಆಮೇಲೆ ಮೂಗಿಗೆ ಅದು ರೂಢಿಯಾಗಿಬಿಟ್ಟಿತು. ಒಂಬತ್ತೂವರೆಗೆ ಅತ್ತೆ ಏಳಲು ಹೋದರು. ಕಾಲು ನಿಲ್ಲಲಿಲ್ಲ. ಅಡಿಕೆ ರಾಶಿಯ ಮೇಲೇ ಕುಸಿದರು. ಎತ್ತಿಕೊಂಡು ಅಂಗಳಕ್ಕೆ ತಂದೆವು. ಅಲ್ಲಿ ಐದು ನಿಮಿಷ ಕೂತ ಮೇಲೆ ಕಣ್ಣು ಬಿಟ್ಟರು. ಅವರ ಕಂಬಳಿ ತರಲು ನಾನು ಒಳಗೆ ಹೋದೆ. ನನಗೂ ತಲೆ ಸುತ್ತಿತು.

ಶಿರಸಿಗೆ ಕರೆದುಕೊಂಡು ಹೋದಾಗ ಡಾಕ್ಟರು ಬಿಪಿ ನೋಡಿದರು. ಆಮೇಲೆ ನಾವು ಯೋಚಿಸಿಯೇ ಇರದ ಪ್ರಶ್ನೆ ಕೇಳಿದರು. "ಮುಚ್ಚಿದ ಜಾಗದಲ್ಲಿ ಎಂಜಿನ್ ಏನಾದರೂ ಓಡ್ತಾ ಇತ್ತಾ?" ನಮ್ಮನೆಯವರು ಹೌದು ಅಂದರು. ಅತ್ತೆಗೆ ತಕ್ಷಣ ಆಕ್ಸಿಜನ್ ಹಾಕಿದರು. ರಾತ್ರಿಯಿಡೀ ಹಾಕಿಯೇ ಇತ್ತು.

ಎಂಜಿನ್ ಉಗುಳುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ಅನಿಲ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಸೌದೆ ಹೊಗೆಯಾದರೆ ಕಣ್ಣು ಉರಿದು, ಕೆಮ್ಮು ಬಂದು ನಾವೇ ಎದ್ದು ಹೋಗುತ್ತೇವೆ. ಇದು ಹಾಗಲ್ಲ. ಉಸಿರಿನ ಜೊತೆ ಒಳಗೆ ಹೋಗಿ, ರಕ್ತದಲ್ಲಿ ಆಕ್ಸಿಜನ್ ಕೂರುವ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು, ಕೊನೆಗೆ ಎಚ್ಚರ ತಪ್ಪುವುದು. ಎಚ್ಚರವಿದ್ದವರಿಗೆ ತಲೆನೋವಾದರೂ ಗೊತ್ತಾಗುತ್ತದೆ. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ. ಬಚ್ಚಲಿನ ಗ್ಯಾಸ್ ಗೀಸರ್, ಚಳಿಗೆ ಕೋಣೆಯೊಳಗೆ ಇಟ್ಟುಕೊಂಡ ಕೆಂಡ, ಇವುಗಳಿಂದ ಜೀವ ಹೋಗುವುದೂ ಇದೇ ಅನಿಲದಿಂದ.

ಬಾಗಿಲು ತೆರೆದಿದೆಯಲ್ಲ, ಕಿಟಕಿ ಇದೆಯಲ್ಲ ಅಂತ ದಯವಿಟ್ಟು ಧೈರ್ಯ ಮಾಡಬೇಡಿ. ಅಷ್ಟು ಸಾಲುವುದಿಲ್ಲ. ಜಗಲಿ ಬೇಡ, ಕೊಟ್ಟಿಗೆ ಬೇಡ, ಕಿಟಕಿಯ ಕೆಳಗೂ ಬೇಡ. ಮನೆಯಿಂದ ಕಡಿಮೆ ಅಂದರೂ 20 ಅಡಿ ದೂರ ಇರಲಿ. ನಾವು ಈಗ ಅಂಗಳದ ಆಚೆ ತುದಿಯಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ಒಂದು ಶೀಟ್ ಹಾಕಿದ್ದೇವೆ. ನಾಲ್ಕೂ ಕಡೆ ಬಯಲು. ಸೈಲೆನ್ಸರ್ ಮುಖ ತೋಟದ ಕಡೆಗೆ. ಮಳೆ, ಇಬ್ಬನಿ ಎರಡೂ ತಾಗುವುದಿಲ್ಲ. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಬಯಲಿಗೆ ಕರೆದುಕೊಂಡು ಬನ್ನಿ, ಎಂಜಿನ್ ಬಂದ್ ಮಾಡಿ, 108ಕ್ಕೆ ಫೋನ್ ಮಾಡಿ. ಹೊರಗೆ ಬಂದ ಮೇಲೆ ಆರಾಮಾಯಿತು ಅಂತ ಆಸ್ಪತ್ರೆ ತಪ್ಪಿಸಬೇಡಿ.

ರಾತ್ರಿಯಿಡೀ ಓಡಿಸುವ ಅಗತ್ಯವೂ ಇಲ್ಲ. ನಮ್ಮಲ್ಲಿ ಒಂದು ಇನ್ವರ್ಟರ್ ಇದೆ. ಎಂಟರಿಂದ ಹತ್ತರವರೆಗೆ ಜನರೇಟರ್ ಓಡಿಸುತ್ತೇವೆ. ಅಷ್ಟರಲ್ಲಿ ಸುಲಿಯುವ ಮೆಷಿನ್ ಕೆಲಸ ಮುಗಿಯುತ್ತದೆ, ಫ್ರಿಡ್ಜ್ ತಣ್ಣಗಾಗುತ್ತದೆ, ಬ್ಯಾಟರಿಗೂ ಒಂದಿಷ್ಟು ಚಾರ್ಜ್ ಆಗುತ್ತದೆ. ಮಲಗಿದ ಮೇಲೆ ಒಂದೆರಡು ಎಲ್ಇಡಿ ಬಲ್ಬಿಗೆ ಇನ್ವರ್ಟರ್ ಸಾಕು. ಮೋಟಾರ್ ಇರುವವರು ಒಂದು ನೆನಪಿಡಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್, ಆದರೆ ಚಾಲೂ ಆಗುವ ಕ್ಷಣದಲ್ಲಿ ಅದು ಹಲವು ಪಟ್ಟು ಎಳೆಯುತ್ತದೆ. ಮೊದಲು ಮೋಟಾರ್ ಹಾಕಿ, ಆಮೇಲೆ ಉಳಿದದ್ದು.

ಬಿಸಿ ಎಂಜಿನ್‌ಗೆ ಪೆಟ್ರೋಲ್ ಹಾಕಬೇಡಿ, ಆರಲು ಬಿಡಿ. ಸುಗ್ಗಿ ಮುಗಿದು ಮೂಲೆಗೆ ಇಡುವ ಮೊದಲು ಪೆಟ್ರೋಲ್ ಕಾಕ್ ಬಂದ್ ಮಾಡಿ, ತಾನೇ ನಿಲ್ಲುವವರೆಗೂ ಓಡಿಸಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ನಮ್ಮ ಮಳೆಗಾಲದ ಥಂಡಿಯಲ್ಲಿ ನೀರು ಎಳೆದುಕೊಳ್ಳುತ್ತದೆ. ಕಾರ್ಬೊರೇಟರಿನಲ್ಲಿ ಹಾಗೇ ನಿಂತರೆ ಬೇಕಾದ ದಿನ ಎಷ್ಟು ಹಗ್ಗ ಎಳೆದರೂ ಚಾಲೂ ಆಗುವುದಿಲ್ಲ.

ಇನ್ನೊಂದು ಜೀವದ ವಿಷಯ ಇದೆ. ಕೆಲವರು ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿಕೊಂಡು, ಜನರೇಟರ್ ಕರೆಂಟನ್ನು ಗೋಡೆಯ ಸಾಕೆಟ್ಟಿಗೇ ಕೊಡುತ್ತಾರೆ. ಮೇನ್ ಸ್ವಿಚ್ ತೆಗೆಯಲು ಮರೆತರೆ ಆ ಕರೆಂಟ್ ಮೀಟರ್ ದಾಟಿ ಹಿಂದಕ್ಕೆ ಹೋಗುತ್ತದೆ. ನಮ್ಮ ಊರಿನ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುತ್ತದಲ್ಲ, ಉಲ್ಟಾ ಬಂದ ಕರೆಂಟನ್ನು ಅದೇ ಮತ್ತೆ ಏರಿಸುತ್ತದೆ. ಲೈನ್ ಬಂದ್ ಇದೆ ಅಂತ ನಂಬಿ ಕಂಬ ಹತ್ತಿದವನ ಕೈಗೆ ಅದು ಹೊಡೆಯುತ್ತದೆ. ಇದಕ್ಕೆ ಇರುವುದು ಚೇಂಜ್‌ಓವರ್ ಸ್ವಿಚ್. ಹ್ಯಾಂಡಲ್ ಒಂದು ಕಡೆ ಇದ್ದರೆ ಲೈನ್, ಇನ್ನೊಂದು ಕಡೆ ಇದ್ದರೆ ಜನರೇಟರ್, ಎರಡೂ ಒಟ್ಟಿಗೆ ಸೇರುವುದೇ ಇಲ್ಲ. ಒಳ್ಳೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ.

ಕಳೆದ ಮಳೆಗಾಲ ಗಾಳಿಗೆ ನಮ್ಮ ತೋಟದ ಹತ್ತಿರ ತಂತಿ ಹರಿದಿತ್ತು. ಲೈನ್‌ಮನ್ ಬಂದರು. ಕಂಬಕ್ಕೆ ಏಣಿ ಇಡುವ ಮೊದಲು ನಮ್ಮ ಬಾಗಿಲಿಗೆ ಬಂದು, "ಅಕ್ಕಾ, ಜನರೇಟರ್ ಸದ್ದು ಕೇಳ್ತಾ ಇದೆ. ಚೇಂಜ್‌ಓವರ್ ಇದೆಯಾ?" ಅಂದರು. ಒಳಗೆ ಕರೆದು ತೋರಿಸಿದೆ. ಹ್ಯಾಂಡಲ್ ಪೂರ್ತಿ ಜನರೇಟರ್ ಕಡೆಗಿತ್ತು. ಅದನ್ನು ಒಮ್ಮೆ ಬಗ್ಗಿ ನೋಡಿದರು. ಆಮೇಲೆ ರೇನ್‌ಕೋಟಿನ ಗುಂಡಿ ಹಾಕಿಕೊಂಡು ಮಳೆಯಲ್ಲಿ ಕಂಬದ ಕಡೆ ಹೊರಟರು.

ನಮಸ್ಕಾರ.