ಹನ್ನೆರಡು ಕಂಬ ಕಡೆದವರು

ಎಲ್ಲರಿಗೂ ನಮಸ್ಕಾರ. ವಿಧಾನಸೌಧದ ಬಗ್ಗೆ ಮಾತಾಡಿ ಅಂದಾಗ ಒಂದೇ ಷರತ್ತು ಹಾಕಿದ್ದೆ. ರಾಜಕೀಯ ಬೇಡ, ಕಲ್ಲಿನ ಬಗ್ಗೆ ಹೇಳುತ್ತೇನೆ ಅಂತ.

ಆದರೆ ಕೆಂಗಲ್ ಹನುಮಂತಯ್ಯನವರನ್ನು ಬಿಟ್ಟು ಶುರು ಮಾಡಲು ಆಗುವುದಿಲ್ಲ, ಅಲ್ವಾ? 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿ ಆಗಿದ್ದವರು ಕೆ.ಸಿ. ರೆಡ್ಡಿ. ಆಗ ಯೋಚಿಸಿದ್ದು ಸರಳವಾದ ಒಂದು ಕಟ್ಟಡ. ಮರುವರ್ಷ ಕೆಂಗಲ್ ಬಂದರು, ನಕ್ಷೆಯೇ ಬದಲಾಯಿತು.

ಯಾಕೆ ಬದಲಾಯಿತು ಅನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತಾರೆ. ನಿಮಗೆ ಗೊತ್ತಿರಬಹುದು. ಆದರೂ ಹೇಳುತ್ತೇನೆ, ನನಗೆ ಅಷ್ಟು ಇಷ್ಟ. ರಷ್ಯಾದಿಂದ ಒಂದು ಸಾಂಸ್ಕೃತಿಕ ನಿಯೋಗ ಬಂದಿತ್ತು. ಬಂದವರಿಗೆ ಕೆಂಗಲ್ ಊರು ತೋರಿಸಿದರು. ಆಗ ತೋರಿಸಲು ಇದ್ದದ್ದಾದರೂ ಏನು? ಅಠಾರಾ ಕಚೇರಿಯ, ಅಂದರೆ ಈಗಿನ ಹೈಕೋರ್ಟಿನ, ಕೆಂಪು ಗೋಡೆ, ಗ್ರೀಕರ ಮಾದರಿಯ ಕಂಬ. ಬಂದವರು ಸುತ್ತ ನೋಡಿ ಕೇಳಿದರಂತೆ: ಇವೆಲ್ಲ ಯುರೋಪಿನ ಕಟ್ಟಡಗಳು, ನಿಮ್ಮದೇ ಅಂತ ಯಾವುದೂ ಇಲ್ಲವೇ? ಸ್ವಲ್ಪ ಯೋಚನೆ ಮಾಡಿ. ಬೇಲೂರು, ಹಂಪಿ ಇರುವ ನಾಡಿನ ಮುಖ್ಯಮಂತ್ರಿಗೆ ಈ ಪ್ರಶ್ನೆ! ಆ ಮಾತು ಅವರ ಎದೆಗೆ ನಾಟಿತು. ಅಠಾರಾ ಕಚೇರಿಯ ಎದುರಿಗೇ ಉತ್ತರ ಎದ್ದು ನಿಂತಿತು.

ಈಗ ಕಲ್ಲಿಗೆ ಬರುತ್ತೇನೆ. ಬೇಲೂರಿನ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ. ಮರ ಕೆತ್ತಿದ ಹಾಗೆ ಕೆತ್ತಬಹುದು. ಗ್ರಾನೈಟ್ ಹಾಗಲ್ಲ. ಒಂದು ಏಟು ಜಾಸ್ತಿ ಬಿತ್ತೋ, ಅಂಚು ಹಾರಿಹೋಯಿತು. ವಾರದ ಕೆಲಸ ಮಣ್ಣುಪಾಲು. ವಿಧಾನಸೌಧದಲ್ಲಿ ಹೊಯ್ಸಳರ ಒಡವೆಯಂಥ ಕುಸುರಿ ಇಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಕಲ್ಲು ಯಾವುದು ಅಂತ ನೋಡಿ ಮಾತಾಡಿ ಸ್ವಾಮಿ! ಈ ಕಲ್ಲಿಗೆ ಒಪ್ಪುವುದು ಕಂಬದ ತಲೆಯ ಮೇಲೆ ದಪ್ಪ ಬೋದಿಗೆ, ದೊಡ್ಡ ಹೂವು, ಅಗಲವಾದ ಸೂರು. ಅದನ್ನೇ ಮಾಡಿದ್ದಾರೆ. ಹೆಸರಘಟ್ಟ, ಮಲ್ಲಸಂದ್ರದ ಕಡೆಯ ಗ್ರಾನೈಟ್. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆ ಕಲ್ಲು. ಮುಂದಿನ ಮಂಟಪದಲ್ಲಿ 40 ಅಡಿ ಎತ್ತರದ 12 ಕಂಬ. ಅಲ್ಲಿಗೆ ಹತ್ತಲು 45 ಮೆಟ್ಟಿಲು.

ನಕ್ಷೆಯ ಹೊಣೆ ಹೊತ್ತವರು ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕಂ. ಸುಮಾರು 5,000 ಕೂಲಿಗಳು, 1,500 ಕಲ್ಲುಕುಟಿಗರು ಮತ್ತು ಬಡಗಿಗಳು ದುಡಿದರು. ಜೈಲಿನ ಕೈದಿಗಳೂ ಅವರಲ್ಲಿದ್ದರು. ಕೆಲಸ ಮುಗಿದ ಮೇಲೆ ಅವರನ್ನು ಬಿಡುಗಡೆ ಮಾಡಿದರು ಅನ್ನುತ್ತಾರೆ. ಕೆಂಗಲ್ ಹೆಸರು ಎಲ್ಲರಿಗೂ ಗೊತ್ತು. ಮಾಣಿಕಂ ಹೆಸರು ಕೆಲವರಿಗೆ ಗೊತ್ತು. ಆ ಕುಟಿಗರಲ್ಲಿ ಒಬ್ಬರ ಹೆಸರಾದರೂ ಈ ಸಭೆಯಲ್ಲಿ ಯಾರಾದರೂ ಹೇಳುತ್ತೀರಾ? ನೋಡಿ, ಯಾರೂ ಕೈ ಎತ್ತಲಿಲ್ಲ. ನನ್ನ ಸಂಕಟ ಅದೇ. 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಅಲ್ಲಿ ಕೆತ್ತಿದ್ದಾರೆ. ಆ ಕೆಲಸವನ್ನು ಉಳಿ ಹಿಡಿದು ಮಾಡಿದವರು ಇವರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಗುಮ್ಮಟಕ್ಕೆ 60 ಅಡಿ ವ್ಯಾಸ, ಮೇಲೆ ನಾಲ್ಕು ಸಿಂಹ. ಸಂಪುಟ ಸಭೆಯ ಕೋಣೆಗೆ ಗಂಧದ ಬಾಗಿಲು. ಅದರ ಬಗ್ಗೆಯೇ ಒಂದು ಗಂಟೆ ಮಾತಾಡಬಹುದಿತ್ತು, ಇರಲಿ. ದುಂದುವೆಚ್ಚ ಅನ್ನುವ ಆರೋಪವೂ ಬಂತು. 1956ರ ಆಗಸ್ಟ್‌ನಲ್ಲಿ ಕೆಂಗಲ್ ಅಧಿಕಾರ ಬಿಟ್ಟರು. ಕಟ್ಟಡ ಮುಗಿದದ್ದೂ ಅದೇ ವರ್ಷ.

ಈಗ ಗೈಡ್ ಜೊತೆ ಒಳಗೆ ಹೋಗಿ ನೋಡುವ ವ್ಯವಸ್ಥೆ ಆಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಹೋದ ಕೂಡಲೇ ಗುಮ್ಮಟದ ಕಡೆ ಕತ್ತೆತ್ತಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದು ಕಂಬದ ಪಕ್ಕ ನಿಂತು, ಬುಡದಲ್ಲಿ ಉಳಿಯ ಗುರುತು ಹುಡುಕಿ. ಸಿಕ್ಕರೆ ಮಕ್ಕಳ ಕೈಯಲ್ಲಿ ಮುಟ್ಟಿಸಿ.